ಕಣ್ಣಲ್ಲಿ ನೀರು ಅಂತ ಬಂದೋರಿಗೆ ನಾನು ಕೊಟ್ಟಿದ್ದು ಬರೀ ಡ್ರಾಪ್ಸ್

ಸಂಪಾದಕರಿಗೆ ನಮಸ್ಕಾರ,

ಹೋದ ವಾರ ನಿಮ್ಮ ಪೇಪರಲ್ಲಿ ಉಚಿತ ಕಣ್ಣಿನ ಶಿಬಿರದ ಫೋಟೊ ಬಂದಿತ್ತು, ವಯಸ್ಸಾದೋರೆಲ್ಲ ಒಂದೊಂದು ಕಣ್ಣಿಗೆ ಪಟ್ಟಿ ಹಾಕಿಸ್ಕೊಂಡು ಸಾಲಾಗಿ ಬೆಂಚ್ ಮೇಲೆ ಕೂತಿರೋದು. ಅದನ್ನ ನೋಡ್ದಾಗಿಂದ ಬರೀಬೇಕು ಬರೀಬೇಕು ಅನ್ನಿಸ್ತಾನೇ ಇತ್ತು, ಇವತ್ತು ಭಾನುವಾರ, ಅಂಗಡಿ ಮಧ್ಯಾಹ್ನಕ್ಕೇ ಬಾಗ್ಲು ಹಾಕಿ ಕೂತಿದೀನಿ. ನಾನು ತಿಪಟೂರು ಕಡೆ ಒಂದು ಊರಲ್ಲಿ ಮೆಡಿಕಲ್ ಸ್ಟೋರ್ ಇಟ್ಕೊಂಡಿರೋನು, ಡಿ ಫಾರ್ಮಾ ಓದಿದೀನಿ, ಕೌಂಟರ್ ಹಿಂದೆ ನಿಂತು 22 ವರ್ಷ ಆಯ್ತು. ಡಾಕ್ಟರ್ ಅಲ್ಲ ನಾನು, ಅದನ್ನ ಮೊದ್ಲೇ ಹೇಳ್ಬಿಡ್ತೀನಿ. ಆದ್ರೆ ನಮ್ಮೂರಲ್ಲಿ ಡಾಕ್ಟ್ರ ಹತ್ರ ಹೋಗೋಕೆ ಮುಂಚೆ ಜನ ಬರೋದು ನನ್ನ ಹತ್ರಾನೇ, ಅದೇ ಈ ಪತ್ರಕ್ಕೆ ಕಾರಣ ಅಂತ ಇಟ್ಕೊಳಿ.

ವಿಷ್ಯ ಏನಂದ್ರೆ ಕಣ್ಣೀರಿನ ಚೀಲಕ್ಕೆ ಬರೋ ಕ್ಯಾನ್ಸರ್. ಹಂಗೊಂದು ಇದೆ ಅಂತಾನೇ ನಂಗೆ ಗೊತ್ತಿರ್ಲಿಲ್ಲ. ನಮ್ಮ ದೊಡ್ಡಮ್ಮನಿಗೆ, ಅಂದ್ರೆ ನಮ್ಮಮ್ಮನ ಅಕ್ಕನಿಗೆ, ಅದು ಬಂತು, ಮತ್ತೆ ಒಂದೂವರೆ ವರ್ಷ ಅದಕ್ಕೆ ಡ್ರಾಪ್ಸ್ ಕೊಟ್ಟೋನು ನಾನೇ.

ಮೂರು ವರ್ಷದ ಹಿಂದೆ ಯುಗಾದಿ ಹೊತ್ತಿಗೆ ಶುರು ಆಗಿದ್ದು. ಎಡಗಣ್ಣಲ್ಲಿ ನೀರು. ದೊಡ್ಡಮ್ಮನಿಗೆ ಆಗ 61. ಅವ್ರ ಮನೆ ಹಿಂದೇನೇ ಕಾಯಿ ಸುಲಿಯೋ ಜಾಗ, ಯಾವಾಗ್ಲೂ ನಾರಿನ ಧೂಳು, ಅದ್ರ ಮೇಲೆ ನೀರೊಲೆ ಹೊಗೆ ಬೇರೆ, ಹಂಗಾಗಿ ಕಣ್ಣಲ್ಲಿ ನೀರು ಬಂದ್ರೆ ಕಾರಣ ಹುಡ್ಕೋಕೆ ಎಲ್ಲೂ ಹೋಗ್ಬೇಕಿರ್ಲಿಲ್ಲ. "ಮಗಾ, ಕಣ್ಣಿಗೆ ಏನಾರ ಕೊಡ್ಲಾ" ಅಂದ್ರು, ಕೊಟ್ಟೆ. ಮೊದ್ಲು ಮಾಮೂಲಿ ಆ್ಯಂಟಿಬಯಾಟಿಕ್ ಹನಿ, ಆಮೇಲೆ ಪಿಸುರು ಜಾಸ್ತಿ ಆಯ್ತು ಅಂದಾಗ ಸ್ಟೀರಾಯ್ಡ್ ಸೇರಿರೋದು. ಎರಡ್ಮೂರು ದಿನಕ್ಕೆ ಕೆಂಪು ಹೋಗೋದು, ದೊಡ್ಡಮ್ಮ "ನಿನ್ನ ಕೈಗುಣ ಒಳ್ಳೇದು ಕಣ್ಲಾ" ಅನ್ನೋರು, ಹದಿನೈದು ದಿನಕ್ಕೆ ಮತ್ತೆ ಬರೋದು. ಆ ಡಬ್ಬಿಗಳ ಮೇಲೆ ಶೆಡ್ಯೂಲ್ ಎಚ್ ಅಂತ ಅಚ್ಚು ಹಾಕಿರತ್ತೆ, ಡಾಕ್ಟ್ರ ಚೀಟಿ ಇಲ್ದೆ ಕೊಡಂಗಿಲ್ಲ ಅಂತ. ನಂಗೆ ಗೊತ್ತಿಲ್ದೆ ಇರೋದಲ್ಲ ಅದು. ದೊಡ್ಡಮ್ಮನ ಹತ್ರ ಯಾರು ಚೀಟಿ ಕೇಳ್ತಾರೆ. ಸ್ಟೀರಾಯ್ಡ್ ಹನಿ ಸುಮ್ನೆ ಹಾಕ್ತಾ ಹೋದ್ರೆ ಕಣ್ಣಿನ ಪ್ರೆಶರ್ ಏರತ್ತೆ ಅಂತಾನೂ ಓದಿದ್ದೆ, ಓದಿದ್ದೆಲ್ಲ ಕೌಂಟರ್ ಹತ್ರ ನೆನಪಿಗೆ ಬರಲ್ಲ.

ಈ ನಡುವೆ ಮನೆಮದ್ದು ನಡೀತಾನೇ ಇತ್ತು ಅನ್ನಿ. ನಂದಿಬಟ್ಟಲು ಹೂವು ನೀರಲ್ಲಿ ನೆನೆಹಾಕಿ ಕಣ್ಣು ತೊಳ್ಯೋದು, ಹರಳೆಣ್ಣೆ ಹಚ್ಚೋದು, ಪಕ್ಕದ್ಮನೆ ಬಾಣಂತಿ ಹತ್ರ ಎದೆಹಾಲು ಹಾಕಿಸ್ಕೊಂಡಿದ್ದೂ ಆಯ್ತು.

ಒಂದು ಮಾತು ನಂಗೆ ಈಗ್ಲೂ ನಿದ್ದೆಗೆಡಿಸತ್ತೆ. ನೀವು ಗಮನಿಸಿರ್ಬಹುದು, ಕಣ್ಣಿಗೆ ಹನಿ ಹಾಕಿದ್ರೆ ಸ್ವಲ್ಪ ಹೊತ್ತಿಗೆ ಗಂಟಲಲ್ಲಿ ಕಹಿ ಬರತ್ತೆ. ಅದ್ಯಾಕೆ ಅಂದ್ರೆ ಕಣ್ಣಿಂದ ಮೂಗಿಗೆ ದಾರಿ ಇದೆ. ಕನ್ನಡಿ ಮುಂದೆ ನಿಂತು ಕೆಳರೆಪ್ಪೆನ ಮೂಗಿನ ಹತ್ರ ಸ್ವಲ್ಪ ಕೆಳಗೆ ಎಳೆದು ನೋಡಿ, ಸೂಜಿಮೊನೆಯಷ್ಟು ಒಂದು ತೂತು ಕಾಣತ್ತೆ, ಮೇಲ್ರೆಪ್ಪೆಲೂ ಒಂದಿದೆ. ಕಣ್ಣೀರು ಆ ತೂತಲ್ಲಿ ಇಳಿದು, ಮೂಗಿನ ಮೂಳೆ ಪಕ್ಕದಲ್ಲಿರೋ ಒಂದು ಪುಟ್ಟ ಚೀಲಕ್ಕೆ ಹೋಗತ್ತೆ, ಉದ್ದ 12 ಮಿಲಿಮೀಟರ್ ಆಸುಪಾಸು ಅಷ್ಟೆ, ಅಲ್ಲಿಂದ ಒಂದು ನಾಳದಲ್ಲಿ ಮೂಗಿನೊಳಕ್ಕೆ. ಅತ್ತಾಗ ಮೂಗು ಸೋರೋದು ಅದಕ್ಕೇನೇ. ದೊಡ್ಡಮ್ಮ ಒಂದಿನ ಅಂಗಡಿ ಮೆಟ್ಲು ಮೇಲೆ ಕೂತ್ಕೊಂಡು "ಬಲಗಣ್ಣಿಗೆ ಹಾಕಿದ್ರೆ ಗಂಟ್ಲು ಕಹಿ ಆಯ್ತದೆ, ಎಡಗಣ್ಣಿಗೆ ಹಾಕಿದ್ರೆ ಏನೂ ಇಲ್ಲ ಕಣ್ಲಾ, ನಿನ್ನ ಔಷ್ದಿ ಸತ್ತೋಗೈತಾ" ಅಂದ್ರು. ನಾನು ನಕ್ಕೆ. ದಾರಿ ಕಟ್ಕೊಂಡಿದೆ ಅಂತ ಅವ್ರೇ ಹೇಳ್ತಿದ್ರು, ನಾನು ಹೊಸ ಬಾಟ್ಲಿ ಕೊಟ್ಟು ಕಳಿಸ್ದೆ.

ಆಮೇಲೆ ಕಣ್ಣಿನ ಮೂಲೇಲಿ, ಮೂಗಿನ ಪಕ್ಕ, ಹುಣಸೆಬೀಜದಷ್ಟು ಊತ. ನೋವಿಲ್ಲ. ಇದಾದ ಮೇಲೆ ಆಗಾಗ ಎಡಗಡೆ ಮೂಗಲ್ಲಿ ಸ್ವಲ್ಪ ರಕ್ತ. ಉಷ್ಣ ಅಂದ್ರು ಎಲ್ಲರೂ, ತೆಂಗಿನ ಸೀಮೆಲಿ ಉಷ್ಣಕ್ಕೆ ಏನು ಕೊಡ್ತಾರೆ, ಎಳನೀರು. ಒಂದೊಂದಕ್ಕೂ ಒಂದೊಂದು ಸಮಾಧಾನ ಇತ್ತು ನಮ್ಮ ಹತ್ರ. ನೀರಿಗೆ ಹೊಗೆ, ಪಿಸುರಿಗೆ ಧೂಳು, ರಕ್ತಕ್ಕೆ ಉಷ್ಣ, ಊತಕ್ಕೆ ಶೀತ. ನಾಕನ್ನೂ ಒಟ್ಟಿಗಿಟ್ಟು ನೋಡೋರು ಯಾರೂ ಇರ್ಲಿಲ್ಲ.

ಮಾರನೇ ವರ್ಷ ದಸರಾ ಹೊತ್ತಿಗೆ ಪಕ್ಕದ ಊರಲ್ಲಿ ಪೊರೆ ಆಪರೇಷನ್ ಶಿಬಿರ ಬಂತು. ಶಿಬಿರಗಳನ್ನ ಹೀಯಾಳಿಸೋಕೆ ಬರೀತಿಲ್ಲ ನಾನು, ನಮ್ಮಜ್ಜಿ ಕಣ್ಣು ಕಂಡಿದ್ದೇ ಡಾಕ್ಟರ್ ಎಂ.ಸಿ. ಮೋದಿಯವರ ಶಿಬಿರದಲ್ಲಿ, ಸಾಯೋವರ್ಗೂ ಆ ಪುಣ್ಯಾತ್ಮನ ಹೆಸರು ಹೇಳ್ತಿದ್ರು. ಪೊರೆ ತೆಗ್ಯೋ ಮುಂಚೆ ಆ ಸಣ್ಣ ತೂತಿಗೆ ಸಿರಿಂಜಲ್ಲಿ ಸಲೈನ್ ಬಿಟ್ಟು ನೋಡ್ತಾರೆ, ನೀರು ಗಂಟಲಿಗಿಳಿದ್ರೆ ದಾರಿ ಸರಿ ಇದೆ, ವಾಪಸ್ ಬಂದ್ರೆ ಕಟ್ಕೊಂಡಿದೆ. ಚೀಲದಲ್ಲಿ ಕೀವಿದ್ರೆ ಪೊರೆ ಆಪರೇಷನ್ ಮಾಡಲ್ಲ, ಆ ಕೀವು ಕಣ್ಣೊಳಗೆ ಹೋದ್ರೆ ಕಣ್ಣೇ ಹೋಗತ್ತೆ. ದೊಡ್ಡಮ್ಮನಿಗೆ ನೀರು ವಾಪಸ್ ಬಂತು, ಅದ್ರ ಜೊತೆ ಕೆಂಪಗೆ ಸ್ವಲ್ಪ. ಹತ್ತೀಲಿ ಒರೆಸಿ "ಚೀಲಕ್ಕೆ ಇನ್ಫೆಕ್ಷನ್ ಆಗಿದೆ, ಮೊದ್ಲು ಅದಕ್ಕೆ ಆಪರೇಷನ್ ಮಾಡಿಸ್ಕೊಂಡು ಬನ್ನಿ" ಅಂತ ಚೀಟಿ ಬರೆದು ಕಳಿಸಿದ್ರು. ಅಷ್ಟು ಜನರ ನೂಕುನುಗ್ಗಲಲ್ಲಿ ಶಿಬಿರದಲ್ಲಿ ನೋಡ್ತಿದ್ದ ಆ ಹುಡುಗಿ ಇನ್ನೇನು ಮಾಡ್ಬೇಕಿತ್ತು ಅಂತ ನಂಗೂ ಹೇಳೋಕೆ ಬರಲ್ಲ.

ಆಪರೇಷನ್ ಮಾಡಿಸಿದ್ವಿ, ಒಂದು ಪ್ರೈವೇಟ್ ಆಸ್ಪತ್ರೇಲಿ, ಹೆಸರು ಬೇಡ. ಡಿಸಿಆರ್ ಅಂತಾರೆ ಅದಕ್ಕೆ, ಚೀಲದ ಪಕ್ಕದ ಮೂಳೇಲಿ ಕಿಂಡಿ ಕೊರೆದು ಚೀಲನ ನೇರವಾಗಿ ಮೂಗಿಗೆ ಸೇರಿಸೋದು. ಹೊಸದೇನಲ್ಲ, 1904ರಲ್ಲಿ ಇಟಲಿಯ ಟೋಟಿ ಅನ್ನೋ ಡಾಕ್ಟ್ರು ಬರೆದಿಟ್ಟಿದ್ದು, ಒಳ್ಳೆ ಆಪರೇಷನ್, ಎಷ್ಟೋ ಜನಕ್ಕೆ ವಾಸಿ ಆಗಿರೋದನ್ನ ನಾನೇ ನೋಡಿದೀನಿ. ಡಿಸ್ಚಾರ್ಜ್ ಪೇಪರಲ್ಲಿ ಇಂಗ್ಲಿಷಲ್ಲಿ ಒಂದು ಸಾಲಿತ್ತು, ಚೀಲದ ಗೋಡೆ ದಪ್ಪ ಆಗಿತ್ತು, ರಕ್ತ ಹೆಚ್ಚಿಗೆ ಬಂತು ಅಂತ. ಓದ್ದೆ, ಮಡಚಿ ಕವರಿಗೆ ಹಾಕ್ದೆ, ಔಷಧಿ ಎಂಆರ್‌ಪಿಗಿಂತ ಕಮ್ಮಿಗೆ ನಾನೇ ಕೊಟ್ಟೆ.

ಐದು ತಿಂಗಳು ಕಳ್ಯೋಷ್ಟರಲ್ಲಿ ಊತ ಮತ್ತೆ ಬಂತು, ಈ ಸಲ ಗಟ್ಟಿಯಾಗಿ, ಮೊದ್ಲಿಗಿಂತ ಮೇಲಕ್ಕೆ. ಒಂದು ಬೆಳಿಗ್ಗೆ ದೊಡ್ಡಮ್ಮನ ಸೊಸೆ ಫೋನ್ ಮಾಡಿ "ಭಾವ, ಅತ್ತೆ ದಿಂಬೆಲ್ಲ ರಕ್ತ ಆಗೈತೆ, ಕಣ್ಣಿಂದಾನೆ ಬರ್ತೈತೆ" ಅಂತ ಅತ್ರು. ಕಣ್ಣಲ್ಲಿ ರಕ್ತ ಬರೋ ಹಂಗೆ ಅತ್ರು ಅಂತ ಮಾತಿಗೆ ಹೇಳ್ತೀವಲ್ಲ, ನಿಜವಾಗ್ಲೂ ಬರತ್ತೆ ಅಂತ ಆವತ್ತು ನೋಡ್ದೆ.

ಬೆಂಗ್ಳೂರಿಗೆ ಕರ್ಕೊಂಡೋದ್ವಿ. ಅಲ್ಲಿ ಡಾಕ್ಟ್ರಮ್ಮ ಚಿಕ್ಕ ವಯಸ್ಸಿನೋರು, ಮೊದ್ಲು ಮಾಡಿದ್ದು ಒಂದೇ ಕೆಲಸ, ಬೆರಳಲ್ಲಿ ಆ ಊತ ಒತ್ತಿ ನೋಡಿದ್ರು. ಬರೀ ಇನ್ಫೆಕ್ಷನ್ ಆಗಿದ್ರೆ ಸಾಮಾನ್ಯವಾಗಿ ಒತ್ತಿದಾಗ ಮೆತ್ತಗೆ ಕುಗ್ಗತ್ತೆ, ತೂತಿಂದ ಕೀವು ಬರತ್ತೆ, ಇದು ಕುಗ್ಲಿಲ್ಲ. ಆಮೇಲೆ ಕಣ್ಣಿನ ಒಳಮೂಲೆ ಮುಟ್ಟಿ ತೋರ್ಸಿದ್ರು, ಅಲ್ಲೊಂದು ಗಟ್ಟಿ ಪಟ್ಟಿ ಥರ ಇರತ್ತೆ, ಇನ್ಫೆಕ್ಷನ್ ಊತ ಹೆಚ್ಚಾಗಿ ಆ ಪಟ್ಟಿಯಿಂದ ಕೆಳಗೇ ಇರತ್ತಂತೆ, ಅದನ್ನ ದಾಟಿ ಮೇಲಕ್ಕೆ ಬಂದಿದೆ ಅಂದ್ರೆ ಗಡ್ಡೆ ಇರ್ಬಹುದು ಅಂತ ಅನುಮಾನ ಪಡ್ಬೇಕಂತೆ. ಕಿವಿ ಮುಂದೆ, ದವಡೆ ಕೆಳಗೆ ಗಂಟಿದ್ಯಾ ಅಂತ ಸವರಿ ನೋಡಿದ್ರು. ಯಾವ ಮಿಷನ್ನೂ ಇಲ್ಲ, ಎರಡು ನಿಮಿಷ. ಆಮೇಲೆ ನನ್ನ ಕಡೆ ತಿರುಗಿ "ಹಿಂದಿನ ಆಪರೇಷನ್ನಲ್ಲಿ ತೆಗೆದಿದ್ದರ ಬಯಾಪ್ಸಿ ರಿಪೋರ್ಟ್ ಕೊಡಿ" ಅಂದ್ರು, ಅಂದ್ರೆ ತೆಗೆದ ತುಂಡನ್ನ ಲ್ಯಾಬಲ್ಲಿ ನೋಡಿದ ರಿಪೋರ್ಟು.

ಫೈಲಲ್ಲಿ ಹುಡುಕ್ದೆ. ಬಿಲ್ಲುಗಳಿದ್ವು, ಇಸಿಜಿ ಇತ್ತು, ಶುಗರ್ ರಿಪೋರ್ಟ್ ಇತ್ತು. ಬಯಾಪ್ಸಿ ಇರ್ಲಿಲ್ಲ, ಕಳಿಸೇ ಇರ್ಲಿಲ್ಲ. ಆ ಆಸ್ಪತ್ರೆಗೆ ಫೋನ್ ಮಾಡಿದ್ರೆ "ಸಾರ್, ಡಿಸಿಆರ್‌ಗೆಲ್ಲ ಯಾರೂ ಕಳ್ಸಲ್ಲ" ಅಂದ್ರು.

ಸಿಟಿ ಸ್ಕ್ಯಾನಲ್ಲಿ ಪಕ್ಕದ ಮೂಳೆ ತಿಂದಿರೋದು ಕಾಣಿಸ್ತು. ಬಯಾಪ್ಸೀಲಿ ಸ್ಕ್ವಾಮಸ್ ಸೆಲ್ ಕಾರ್ಸಿನೋಮ ಅಂತ ಬಂತು, ಈ ಚೀಲಕ್ಕೆ ಬರೋ ಕ್ಯಾನ್ಸರ್‌ಗಳಲ್ಲಿ ಹೆಚ್ಚಾಗಿ ಕಾಣೋದು ಇದೇ ಅಂತೆ, ಲಿಂಫೋಮ, ಮೆಲನೋಮ ಕೂಡ ಬರ್ತಾವಂತೆ. ಡಾಕ್ಟ್ರಮ್ಮ ಹೇಳಿದ್ದು ಹಿಂಗೆ: ಈ ಚೀಲದಲ್ಲಿ ಗಡ್ಡೆ ಆಗೋದೇ ತುಂಬಾ ಅಪರೂಪ, ಆದ್ರೆ ಗಡ್ಡೆ ಆಯ್ತು ಅಂದ್ರೆ ಅರ್ಧಕ್ಕಿಂತ ಜಾಸ್ತಿ ಕ್ಯಾನ್ಸರ್ರೇ. ಗಡ್ಡೆ ಬೆಳೀತಾ ದಾರಿ ಕಟ್ಟತ್ತೆ, ದಾರಿ ಕಟ್ಟಿದ್ಮೇಲೆ ನೀರು ನಿಂತು ನಿಜವಾದ ಇನ್ಫೆಕ್ಷನ್ನೂ ಆಗತ್ತೆ, ಅದಕ್ಕೇ ಡ್ರಾಪ್ಸ್ ಹಾಕಿದ್ರೆ ವಾಸಿ ಆದಂಗೆ ಕಾಣೋದು. ಇದು ನಂಗೆ ಆವತ್ತು ತಲೆಗೆ ಹೊಡೆದಂಗಾಯ್ತು. ನನ್ನ ಡ್ರಾಪ್ಸು ಕೆಲಸ ಮಾಡ್ತಿತ್ತು ಸ್ವಾಮಿ, ಕೀವಿನ ಮೇಲೆ ಮಾಡ್ತಿತ್ತು, ಅದ್ರ ಹಿಂದೆ ಇದ್ದಿದ್ದು ಹಾಯಾಗಿ ಬೆಳೀತಿತ್ತು. ಇನ್ನೂ ಒಂದು ಮೋಸ ಇದೆ ಅಂದ್ರು, ಕೆಲವರಿಗೆ ಗಡ್ಡೆ ಇದ್ರೂ ಸಿರಿಂಜಲ್ಲಿ ಬಿಟ್ಟ ನೀರು ಸಲೀಸಾಗಿ ಗಂಟಲಿಗೆ ಹೋಗ್ಬಿಡತ್ತೆ, ದಾರಿ ಸರಿ ಇದೆ ಅಂತ ಕಳಿಸ್ಬಿಡ್ತಾರೆ.

ಮೊದಲ್ನೇ ಆಪರೇಷನ್ ಬಗ್ಗೆ ನಾನೇ ಕೇಳ್ದೆ. ಸ್ವಲ್ಪ ಹೊತ್ತು ಸುಮ್ನಿದ್ದು ಹೇಳಿದ್ರು, ಗಡ್ಡೆ ಇರೋ ಚೀಲನ ಕತ್ತರಿಸಿ, ಮೂಳೆ ಕೊರೆದು ಮೂಗಿಗೆ ಸೇರಿಸಿದ್ರೆ ಅದಕ್ಕೆ ನಾವೇ ಬಾಗ್ಲು ತೆಗೆದು ಕೊಟ್ಟಂಗೆ ಅಂತ. ಬೇರೆ ಡಾಕ್ಟ್ರನ್ನ ಬೈಲಿಲ್ಲ ಅವ್ರು, ಆ ಮರ್ಯಾದೆ ಉಳಿಸ್ಕೊಂಡ್ರು.

ಆಮೇಲಿಂದು ಬೇಗ ಹೇಳಿ ಮುಗಿಸ್ತೀನಿ. ಚೀಲ, ನಾಳ, ಮೂಗಿನ ಪಕ್ಕದ ಗೋಡೆ ಎಲ್ಲ ತೆಗೆದ್ರು, ಜೊತೆಗೆ ದವಡೆ ಕೆಳಗಿನ ಗಂಟುಗಳು. ಇನ್ನೂ ತಡ ಆಗಿದ್ರೆ ಕಣ್ಣುಗುಡ್ಡೆ ಸಮೇತ ತೆಗೀಬೇಕಿತ್ತಂತೆ. ಮೇಲೆ ಆರು ವಾರ ರೇಡಿಯೇಷನ್, ವಾರಕ್ಕೆ ಐದು ದಿನ, ಮುಖಕ್ಕೆ ಅಚ್ಚು ತೆಗೆದು ಮಾಡಿದ ಬಲೆಯಂಥ ಮುಖವಾಡ ಹಾಕಿ ಅಲ್ಲಾಡ್ದಂಗೆ ಮಲಗಿಸ್ತಾರೆ. ದೊಡ್ಡಮ್ಮ ಅದಕ್ಕೆ ಸೋಮನ ಮುಖ ಅಂತ ಹೆಸರಿಟ್ಟಿದ್ರು, ನಮ್ಮ ಕಡೆ ಹಬ್ಬದಲ್ಲಿ ಸೋಮ ಕುಣಿಸ್ತಾರಲ್ಲ, ಹಂಗೆ. ಬಿಪಿಎಲ್ ಕಾರ್ಡ್ ಇತ್ತು, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇರೋದ್ರಿಂದ ಆಸ್ಪತ್ರೆ ಖರ್ಚು ಹೆಚ್ಚಿಗೆ ಬೀಳ್ಲಿಲ್ಲ, ಸರ್ಕಾರಿ ಆಸ್ಪತ್ರೆ ರೆಫರಲ್ ಲೆಟರಿಗೆ ಎರಡು ದಿನ ಅಲೆದ್ವಿ ಅಷ್ಟೆ. ಬೆಂಗ್ಳೂರಲ್ಲಿ ಉಳ್ಕೊಳೋ ಖರ್ಚಿಗೆ ಎರಡು ಹಸು ಮಾರಿದ್ರು.

ಈಗ ಇದನ್ನ ಓದಿ ಯಾರೂ ಗಾಬರಿ ಬೀಳ್ಬೇಡಿ. ಕಣ್ಣಲ್ಲಿ ನೀರು ಬರೋ ನೂರಾರು ಜನರಲ್ಲಿ ಒಬ್ಬರಿಗೂ ಇದು ಇರದೇ ಇರ್ಬಹುದು, ಅಷ್ಟು ಅಪರೂಪ. ಹಸುಗೂಸುಗಳಿಗೆ ಕಣ್ಣಲ್ಲಿ ನೀರು ಪಿಸುರು ಬರೋದು ನಾಳದ ತುದೀಲಿರೋ ತೆಳು ಪೊರೆ ಇನ್ನೂ ತೆರ್ಕೊಂಡಿರಲ್ಲ ಅಂತ, ಡಾಕ್ಟ್ರು ತೋರ್ಸಿಕೊಟ್ಟಂಗೆ ಮೂಗಿನ ಪಕ್ಕ ಬೆರಳಲ್ಲಿ ಒತ್ತಿ ನೀವ್ತಾ ಇದ್ರೆ ವರ್ಷ ತುಂಬೋದ್ರೊಳಗೆ ಬಹುಪಾಲು ಮಕ್ಕಳಿಗೆ ಸರಿ ಹೋಗತ್ತೆ. ನಲವತ್ತು ದಾಟಿದ ಹೆಂಗಸರಿಗೆ ಈ ನಾಳ ಕಟ್ಕೊಳೋದು ಗಂಡಸರಿಗಿಂತ ಜಾಸ್ತಿ, ಅವ್ರ ನಾಳಾನೇ ಕಿರಿದು, ಅದೂ ಕ್ಯಾನ್ಸರ್ ಅಲ್ಲ. ರಕ್ತ ಬಂದಿದ್ದೆಲ್ಲ ಕೂಡ ಕ್ಯಾನ್ಸರ್ ಅಲ್ಲ, ರೈನೋಸ್ಪೊರಿಡಿಯೋಸಿಸ್ ಅಂತ ಒಂದಿದೆ, ನಮ್ಮ ದಕ್ಷಿಣ ಭಾರತದ ಕಡೆ ಕೆರೆಕುಂಟೆ ನೀರಲ್ಲಿ ಈಜೋರಿಗೆ ಮೂಗಲ್ಲಿ ಬರತ್ತೆ, ಕೆಲವರಿಗೆ ಈ ಚೀಲದಲ್ಲೂ, ಅದರಲ್ಲೂ ರಕ್ತ ಬರತ್ತೆ. ಆದ್ರೆ ಅದನ್ನ ಇದು, ಇದನ್ನ ಅದು ಅಂತ ಮೆಡಿಕಲ್ ಸ್ಟೋರಲ್ಲಿ ಕೂತು ಹೇಳೋಕಾಗಲ್ಲ, ತುಂಡು ತೆಗೆದು ಮೈಕ್ರೋಸ್ಕೋಪಲ್ಲಿ ನೋಡಿದ್ರೇನೇ ಗೊತ್ತಾಗೋದು.

ನಾನು ಕೇಳ್ತಿರೋದೂ ಅಷ್ಟೇ. ವಯಸ್ಸಾದೋರಿಗೆ ಒಂದೇ ಕಣ್ಣಲ್ಲಿ ಮತ್ತೆ ಮತ್ತೆ ಬರ್ತಿದ್ರೆ, ಊತ ಒತ್ತಿದ್ರೂ ಕುಗ್ದೇ ಇದ್ರೆ, ಅದೇ ಕಡೆ ಮೂಗಲ್ಲೋ ಕಣ್ಣಲ್ಲೋ ರಕ್ತ ಕಂಡ್ರೆ, ಆಪರೇಷನ್ ಮಾಡೋಕೆ ಮುಂಚೆ ಸ್ಕ್ಯಾನ್ ಮಾಡ್ಲಿ, ಮಾಡುವಾಗ ಚೀಲದ ತುಂಡು ಲ್ಯಾಬಿಗೆ ಕಳಿಸ್ಲಿ. ಸರ್ಕಾರಿ ಆಸ್ಪತ್ರೇಲಾಗ್ಲಿ ಸ್ಕೀಮಲ್ಲಾಗ್ಲಿ ಈ ಆಪರೇಷನ್ನಿನ ಪ್ಯಾಕೇಜಲ್ಲೇ ಆ ಲ್ಯಾಬ್ ಖರ್ಚೂ ಸೇರಿಸ್ಲಿ, ತುಂಡು ಕೆಡ್ದಂಗೆ ಇಡೋ ಫಾರ್ಮಲಿನ್ ಒಂದು ಸಣ್ಣ ಬಾಟ್ಲಿ ಮತ್ತೆ ಒಂದು ರಿಪೋರ್ಟ್ ಅಷ್ಟೆ ಅಲ್ವಾ. ಎಲ್ಲರದೂ ಕಳಿಸ್ಬೇಕಾ, ಅನುಮಾನ ಬಂದೋರದು ಮಾತ್ರಾನಾ ಅನ್ನೋದ್ರಲ್ಲಿ ಡಾಕ್ಟ್ರುಗಳಲ್ಲೇ ಎರಡು ಮಾತಿದೆ ಅಂತ ಡಾಕ್ಟ್ರಮ್ಮಾನೇ ಹೇಳಿದ್ರು, ಎಲ್ಲರದೂ ಕಳಿಸಿದ್ರೆ ಸಿಗೋದು ತೀರಾ ಕಮ್ಮಿ, ಖರ್ಚು ದಂಡ ಅನ್ನೋದು ಒಂದು ವಾದ. ಇರ್ಬಹುದು. ಆದ್ರೆ ದೊಡ್ಡಮ್ಮನ ಕೇಸಲ್ಲಿ ಗೋಡೆ ದಪ್ಪ ಆಗಿದೆ, ರಕ್ತ ಜಾಸ್ತಿ ಬಂತು ಅಂತ ಕೈಯಾರೆ ಬರೆದೋರಿಗೂ ಅನುಮಾನ ಬರ್ಲಿಲ್ಲವಲ್ಲ, ಅನುಮಾನ ಬಂದ್ರೆ ಕಳಿಸ್ತೀವಿ ಅನ್ನೋ ಮಾತನ್ನ ನಾನು ಹೆಂಗೆ ನಂಬ್ಲಿ? ಹೈದರಾಬಾದಿನ ಎಲ್.ವಿ. ಪ್ರಸಾದ್ ಆಸ್ಪತ್ರೇಲಿ ಕಣ್ಣೀರಿನ ನಾಳಕ್ಕೇ ಅಂತ ಬೇರೆ ವಿಭಾಗ ಇದೆಯಂತೆ, ಬೆಂಗ್ಳೂರಲ್ಲಿ 1896ರಿಂದ ಮಿಂಟೋ ಕಣ್ಣಾಸ್ಪತ್ರೆ ಇದೆ, 1973ರಿಂದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ. ದೊಡ್ಡ ಆಸ್ಪತ್ರೆಗಳಿಲ್ಲ ಅಂತ ಅಲ್ಲ, ಅಲ್ಲಿಗೆ ಹೋಗ್ಬೇಕು ಅಂತ ಹೇಳ್ಬೇಕಾದ ಜಾಗದಲ್ಲಿ ನನ್ನಂಥೋರು ನಿಂತಿದೀವಿ.

ನನ್ನಂಥೋರಿಗೆ ಅಂದ್ರೆ, ಅಂಗಡಿಯೋರಿಗೆ, ಒಂದು ಮಾತು. ಚೀಟಿ ಇಲ್ದೆ ಕೊಡ್ಬೇಡಿ ಅಂತ ಉಪದೇಶ ಮಾಡೋ ಯೋಗ್ಯತೆ ನಂಗಿಲ್ಲ. ಆದ್ರೆ ಒಬ್ಬರೇ ಮನುಷ್ಯ ಒಂದೇ ಕಣ್ಣಿಗೆ ಅದೇ ಹನಿ ಮೂರನೇ ಸಲ ಕೇಳಿದ್ರೆ ನಿಲ್ಸಿ. ನಾನೊಂದು ನೋಟ್‌ಬುಕ್ ಇಟ್ಟಿದೀನಿ ಈಗ, ಹೆಸರು, ಯಾವ ಕಣ್ಣು, ಎಷ್ಟನೇ ಸಲ. ವ್ಯಾಪಾರ ಸ್ವಲ್ಪ ಕಮ್ಮಿ ಆಗಿದೆ, ನಾಕು ಅಂಗಡಿ ಆಚೆ ಇರೋರು ಕೇಳ್ದಂಗೆ ಕೊಡ್ತಾರೆ, ಹೋಗ್ತಾರೆ ಜನ.

ದೊಡ್ಡಮ್ಮ ಚೆನ್ನಾಗಿದಾರೆ, ಮೂರು ತಿಂಗಳಿಗೊಂದು ಸಲ ಚೆಕಪ್ಪಿಗೆ ಹೋಗ್ಬೇಕು. ನಾಳಾನೇ ಇಲ್ದೆ ಇರೋದ್ರಿಂದ ಎಡಗಣ್ಣಿನ ನೀರು ಕೆನ್ನೆ ಮೇಲೇ ಇಳ್ಯತ್ತೆ, ಸೆರಗಲ್ಲಿ ಒರೆಸ್ಕೊಳ್ತಾ ಇರ್ತಾರೆ, ಗೊತ್ತಿಲ್ದೋರು ಯಾಕಜ್ಜಿ ಅಳ್ತಿದೀರಾ ಅಂತ ಬಸ್ಸಲ್ಲಿ ಕೇಳ್ತಾರಂತೆ. ನನ್ನ ಮೇಲೆ ಒಂದಿನಾನೂ ಸಿಟ್ಟು ಮಾಡ್ಕೊಂಡಿಲ್ಲ. ಮಾಡ್ಕೊಂಡಿದ್ರೆ ನಂಗೆ ಸ್ವಲ್ಪ ಹಗುರ ಆಗ್ತಿತ್ತೇನೋ.

ಆ ನೋಟ್‌ಬುಕ್ಕಲ್ಲಿ ಬರೆದಿದ್ದ ಒಬ್ಬರನ್ನ, ನಮ್ಮೂರ ಟೈಲರ್ ಹೆಂಡ್ತಿನ, ಹೋದ ತಿಂಗಳು ಬಲವಂತ ಮಾಡಿ ಕಳಿಸ್ದೆ. ಚೀಲದ ಆಪರೇಷನ್ ಆಯ್ತು. ತುಂಡು ಕೊಡಿ ಅಂತ ಕೇಳಿ ಇಸ್ಕೊಂಡು, ಬಾಟ್ಲಿನ ಟವಲಲ್ಲಿ ಸುತ್ತಿ, ನಾನೇ ಬಸ್ಸಲ್ಲಿ ತುಮಕೂರಿಗೆ ಹೋಗಿ ಲ್ಯಾಬಿಗೆ ಕೊಟ್ಟು ಬಂದೆ. ವಾರಕ್ಕೆ ರಿಪೋರ್ಟ್ ಬಂತು, ಬರೀ ಇನ್ಫೆಕ್ಷನ್ ಅಂತ. ಟೈಲರ್ ಅಂಗಡಿಗೆ ಬಂದು "ಅಣ್ಣ, ಸುಮ್ನೆ ದುಡ್ಡು ದಂಡ ಆಯ್ತಲ್ಲ" ಅಂದ. ಆಗ್ಲಿ ಬಿಡಪ್ಪ ಅಂದೆ.

ಇತಿ,
ಒಬ್ಬ ಮೆಡಿಕಲ್ ಸ್ಟೋರ್‌ನವನು
ತಿಪಟೂರು ತಾಲ್ಲೂಕು